ಕಕ್ಕಡದ ಮಳೆಗೆ ಹೊಟ್ಟೆ ಕೇಳುವ ಊಟ

ಕೊಡವರ ಮಳೆ ತಿಂಗಳು ಕಕ್ಕಡ ಬಂತೆಂದರೆ ನಮ್ಮ ಮಡಿಕೇರಿ ಕಡೆ ಬಿಸಿಲಿನ ಮುಖ ಕಾಣುವುದೇ ಅಪರೂಪ. ಥಂಡಿಗೆ ಕರಿದದ್ದೇ ಬೇಕೆನಿಸುತ್ತದೆ. ತಿಂದರೆ ಸಂಜೆತನಕ ಹೊಟ್ಟೆ ಭಾರ. ಬೇಸಿಗೆಯಲ್ಲೇ ಸೊರಗಿದ ಜಠರಾಗ್ನಿ ಮಳೆ ಹಿಡಿದ ಮೇಲೆ ಇನ್ನಷ್ಟು ಕುಂದುತ್ತದೆ, ವಾತ ಕೆರಳುತ್ತದೆ ಎನ್ನುತ್ತದೆ ಆಯುರ್ವೇದ. ನಮ್ಮ ಮಳೆ ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಗಂಟೆ ಒಂದಾಯಿತು ಅಂತ ಸುಮ್ನೆ ಊಟಕ್ಕೆ ಕೂರಬೇಡಿ. ಬೆಳಗ್ಗೆ ತಿಂದ ಅಕ್ಕಿ ಒಟ್ಟಿಯ (ರೊಟ್ಟಿಯ) ತೇಗು ಇನ್ನೂ ಬರುತ್ತಿದ್ದರೆ ಅದು ಅರಗಿಲ್ಲ ಅಂತಲೇ ಲೆಕ್ಕ. ಸ್ವಲ್ಪ ಕಾಯಿರಿ. ಊಟಕ್ಕೆ ಮೊದಲು ಹಸಿ ಶುಂಠಿಯನ್ನು ತೆಳ್ಳಗೆ ಹೆಚ್ಚಿ, ಉಗುರಗಲದ ಒಂದು ಚೂರನ್ನು ಸೈಂಧವ ಉಪ್ಪಿಗೆ ಒತ್ತಿ ಬಾಯಿಗೆ ಹಾಕಿಕೊಳ್ಳಿ. ಮೊದಲು ಖಾರ ಮೂಗಿಗೇರುತ್ತದೆ, ಆಮೇಲೆ ಬಾಯಲ್ಲಿ ನೀರೂರುತ್ತದೆ. ಎದೆಯುರಿ ಇರುವವರಿಗೆ ಮಾತ್ರ ಇದು ಬೇಡ.

ನನಗೆ ತುಂಬಾ ಇಷ್ಟವಾದ ಮಾತು ಚರಕ ಸಂಹಿತೆಯಲ್ಲಿದೆ. ಗಾಳಿಮಳೆ ಜೋರಾಗಿರುವ ದಿನ ಊಟದಲ್ಲಿ ಹುಳಿ, ಉಪ್ಪು, ಜಿಡ್ಡು ಎದ್ದು ಕಾಣಬೇಕಂತೆ. ನಮ್ಮ ಅಡುಗೆಮನೆಯ ಕಾಚಂಪುಳಿ ನೆನಪಾಗುತ್ತದೆ ಅಲ್ವಾ? ಪಣಪುಳಿ ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವ ತನಕ ಕಾಯಿಸಿದ್ದು ಅದು. ಅವ್ವ ಸಾರು ಇಳಿಸುವ ಹೊತ್ತಿಗೆ ನಾಲ್ಕೇ ಹನಿ ಬಿಡುತ್ತಾರೆ, ಇಡೀ ಪಾತ್ರೆಗೆ ಅಷ್ಟೇ ಸಾಕು. ಆದರೆ ಕಾಚಂಪುಳಿ ಬಿತ್ತು ಅಂತ ಪಂದಿ ಕರಿ ಹಗುರವಾಗುವುದಿಲ್ಲ. ಹಂದಿಮಾಂಸ ಅರಗಲು ಭಾರ. ಅದನ್ನು ಮಧ್ಯಾಹ್ನಕ್ಕೇ ಇಟ್ಟುಕೊಳ್ಳಿ, ಎರಡು ಕಡಂಬುಟ್ಟಿನ (ಅಕ್ಕಿತರಿಯ ಉಂಡೆಯ) ಜೊತೆ ಹಿತವಾಗಿ. ರಾತ್ರಿಗೆ ಹಳೆ ಅಕ್ಕಿಯ ಬಿಸಿ ಗಂಜಿ ಸಾಕು. ಮೊಸರು ರಾತ್ರಿ ಬೇಡವೇ ಬೇಡ.

ಹೊಟ್ಟೆಯ ನಾಲ್ಕು ಪಾಲಿನಲ್ಲಿ ಎರಡು ಅನ್ನಕ್ಕೆ, ಒಂದು ನೀರಿನಂಥದ್ದಕ್ಕೆ, ಒಂದು ಗಾಳಿಯಾಡಲು ಖಾಲಿ. ಇದು ಅಷ್ಟಾಂಗ ಹೃದಯ ಎಂಬ ಆಯುರ್ವೇದ ಗ್ರಂಥದ ಲೆಕ್ಕ. ಊಟ ಮುಗಿದ ಕೂಡಲೇ ಚೆಂಬು ಎತ್ತಿ ಗಟಗಟ ಕುಡಿಯುವ ಬದಲು ನಡುನಡುವೆ ಗುಟುಕು ಗುಟುಕಾಗಿ ಕುಡಿಯಿರಿ. ಕಾವೇರಿ ಕೆಂಪಾಗಿ ಹರಿಯುವ ಈ ದಿನಗಳಲ್ಲಿ ಹೊಳೆನೀರು ಕುಡಿಯಬಾರದು, ಕುದಿಸಿ ಆರಿಸಿದ್ದೇ ಆಗಬೇಕು.

ಮಳೆಗಾಲಕ್ಕೆ ಜೇನು ಒಳ್ಳೆಯದು. ಆದರೆ ಕುದಿಯುವ ನೀರಿಗೆ ಜೇನು ಬೆರೆಸುವುದನ್ನು ಎಷ್ಟೋ ಮನೆಗಳಲ್ಲಿ ನೋಡುತ್ತೇನೆ. ಜೇನಿಗೆ ಬಿಸಿ ತಾಗಿಸಬಾರದು ಎಂದು ಆಯುರ್ವೇದ ಖಡಾಖಂಡಿತವಾಗಿ ಹೇಳುತ್ತದೆ. ಕಕ್ಕಡ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಆ ದಿನ ಮದ್ದಿನ ಗುಣ ತುಂಬಿರುತ್ತದೆಂದು ನಂಬುವ ಮದ್ದುಸೊಪ್ಪಿನ ಪುಟ್ಟು ಮಾಡುವವರೂ ಅಷ್ಟೇ, ಪುಟ್ಟು ಪೂರ್ತಿ ಆರಿದ ಮೇಲೆ ಜೇನು ಹಾಕಿ.