ಕರಗಿದ ಮೇಲೂ ಡಿಟರ್ಜೆಂಟ್ ಬೇಕು

ಹಾಸನದ ನಮ್ಮ ಲ್ಯಾಬಿಗೆ ಪ್ರಾಜೆಕ್ಟ್‌ಗೆ ಬರುವ ಎಂ.ಎಸ್ಸಿ. ಮಕ್ಕಳಿಗೆ ನಾನು ಮೊದಲು ಕೊಡುವುದು ಪಾಲಕ್ ಸೊಪ್ಪಿನ ಪೊರೆಯಿಂದ ಪ್ರೋಟೀನ್ ಬೇರ್ಪಡಿಸುವ ಕೆಲಸ. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ತಾಜಾ ಸೊಪ್ಪು ಸಿಗುತ್ತದೆ. ಅದರ ಕ್ಲೋರೋಪ್ಲಾಸ್ಟಿನೊಳಗಿನ ಥೈಲಕಾಯ್ಡ್ ಪೊರೆಯ ತುಂಬ ಪ್ರೋಟೀನು. ಕ್ಲೋರೋಫಿಲ್ ಅದಕ್ಕೇ ಅಂಟಿಕೊಂಡಿರುವುದರಿಂದ ಪ್ರೋಟೀನ್ ಎಲ್ಲಿ ಹೋಯಿತು ಅಂತ ಬರಿಗಣ್ಣಿಗೇ ಕಾಣುತ್ತದೆ.

ಪೊರೆಯ ಪ್ರೋಟೀನಿನ ಮೈಯಲ್ಲಿ ನೀರಿಗೆ ಒಗ್ಗದ ಭಾಗ ಜಾಸ್ತಿ. ಕೊಬ್ಬಿನ ಪದರದೊಳಗೆ ಅದು ಹಾಯಾಗಿರುತ್ತದೆ. ಹೊರಗೆ ತರಬೇಕಾದರೆ ಕೊಬ್ಬಿನ ಜಾಗದಲ್ಲಿ ಡಿಟರ್ಜೆಂಟ್ ಬಂದು ಕೂರಬೇಕು. ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಹಾಕಿದರೆ ಕರಗುತ್ತದೆ ನಿಜ, ಆದರೆ ಪ್ರೋಟೀನಿನ ಮಡಿಕೆಯೇ ಬಿಚ್ಚಿಹೋಗುತ್ತದೆ. ಟ್ರೈಟಾನ್ ಎಕ್ಸ್-100 ಮೆದು, ಆದರೆ 280 ನ್ಯಾನೋಮೀಟರ್ ತರಂಗಾಂತರದಲ್ಲಿ ತಾನೇ ಬೆಳಕು ಹೀರಿಕೊಂಡು, ಅದೇ ಬೆಳಕಿನಿಂದ ಮಾಡುವ ಪ್ರೋಟೀನಿನ ಅಳತೆ ಕೆಡಿಸುತ್ತದೆ. ಹಾಗಾಗಿ ನಾವು ಬಳಸುವುದು ಡಿಡಿಎಂ ಎಂಬ ಮೆದು ಡಿಟರ್ಜೆಂಟ್.

ಕರಗಿಸುವಾಗ ಶೇ. 1ರಷ್ಟು ಡಿಡಿಎಂ ಹಾಕಲು ಯಾರೂ ಮರೆಯುವುದಿಲ್ಲ. ಮರೆಯುವುದು ಆಮೇಲೆ. ಕರಗಿತಲ್ಲ, ಇನ್ಯಾಕೆ ಅಂತ ಕಾಲಮ್ (ಪ್ರೋಟೀನುಗಳನ್ನು ಬೇರ್ಪಡಿಸುವ ಕೊಳವೆ) ತೊಳೆಯುವ ಬಫರಿಗೆ, ಅಂದರೆ ಪಿಎಚ್ ಕಾಯುವ ದ್ರಾವಣಕ್ಕೆ, ಸುಮ್ನೆ ಟ್ರಿಸ್, ಉಪ್ಪು ಹಾಕಿಬಿಡುತ್ತಾರೆ. ಡಿಟರ್ಜೆಂಟ್ ತೊಳೆದುಹೋದ ಹಾಗೆ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಹಸಿರು ಪಟ್ಟೆ ಕಾಲಮ್ಮಿನ ತಲೆಯಲ್ಲೇ ಕೂತುಬಿಡುತ್ತದೆ. ಎಷ್ಟು ಉಪ್ಪುನೀರು ಹಾಯಿಸಿದರೂ ಜಗ್ಗುವುದಿಲ್ಲ. "ಸಾರ್, ಕಾಲಮ್ ಹಾಳಾಗಿದೆ" ಅಂತ ಬರುತ್ತಾರೆ. ನಾನು ಮೊದಲು ಬಫರ್ ಬಾಟಲಿಯ ಲೇಬಲ್ ಓದಿಸುತ್ತೇನೆ.

ಡಿಟರ್ಜೆಂಟ್ ಅಣುಗಳು ಗುಂಪುಗೂಡಿ ಮೈಸೆಲ್ ಆಗಲು ಒಂದು ಕನಿಷ್ಠ ಪ್ರಮಾಣ ಬೇಕು. ಅದೇ ಸಿಎಂಸಿ. ಡಿಡಿಎಂಗೆ ಅದು ಸುಮಾರು 0.17 ಮಿಲಿಮೋಲಾರ್, ಅಂದರೆ ಶೇ. 0.009ರ ಹತ್ತಿರ. ಅದರ ಮೂರು ಪಟ್ಟು, ಶೇ. 0.03, ನಮ್ಮ ಪ್ರತಿ ಬಫರಿನಲ್ಲೂ ಇರಲೇಬೇಕು. ತೊಳೆಯುವುದಿರಲಿ, ಕಾಲಮ್ಮಿನಿಂದ ಇಳಿಸುವುದಿರಲಿ, ಪೊರೆಯ ಚೀಲದಲ್ಲಿಟ್ಟು ಬಫರ್ ಬದಲಿಸುವ ಡಯಾಲಿಸಿಸ್ ಇರಲಿ. ಡಿಡಿಎಂ ದುಬಾರಿ, ಉಳಿಸೋಣ ಅನ್ನಿಸುವುದು ಸಹಜ ಅಲ್ವಾ? ಉಳಿಸಬೇಕಿದ್ದರೆ ಚಿಕ್ಕ ಕಾಲಮ್ ತಗೊಳ್ಳಿ, ಬಫರೇ ಕಡಿಮೆ ಸಾಕಾಗುತ್ತದೆ. ಪ್ರಮಾಣ ಮಾತ್ರ ಇಳಿಸಬೇಡಿ.

ಕೊನೆಯ ಹಂತದಲ್ಲಿ ತೊಂದರೆ ಉಲ್ಟಾ. ನೀರು ಇಳಿಸಿ ಪ್ರೋಟೀನ್ ದ್ರಾವಣವನ್ನು ಸಾಂದ್ರ ಮಾಡಲು ಫಿಲ್ಟರಿಗೆ ಹಾಕುತ್ತೇವೆ. ಡಿಡಿಎಂ ಮೈಸೆಲ್ಲೇ ಸುಮಾರು 70 ಕಿಲೋಡಾಲ್ಟನ್ (ಅಣುತೂಕದ ಅಳತೆ) ತೂಗುತ್ತದೆ. 30 ಕಿಲೋಡಾಲ್ಟನ್ನಿಗಿಂತ ದೊಡ್ಡದನ್ನು ತಡೆಯುವ ಫಿಲ್ಟರ್ ಹಾಕಿದರೆ ಪ್ರೋಟೀನಿನ ಜೊತೆ ಮೈಸೆಲ್ಲೂ ಒಳಗೇ ಉಳಿದು, ಡಿಟರ್ಜೆಂಟ್ ಏರುತ್ತಲೇ ಹೋಗುತ್ತದೆ. ಆಮೇಲೆ ಪ್ರೋಟೀನ್ ಕೆಟ್ಟರೆ ಕಾರಣ ಹುಡುಕುವುದು ಕಷ್ಟ. ಪ್ರೋಟೀನ್ ಸಾಕಷ್ಟು ದೊಡ್ಡದಿದ್ದರೆ 100 ಕಿಲೋಡಾಲ್ಟನ್ನಿನ ಫಿಲ್ಟರನ್ನೇ ತೆಗೆದುಕೊಳ್ಳಿ. ಕೆಳಗೆ ಇಳಿದ ನೀರನ್ನು ಮಾತ್ರ ಕೂಡಲೇ ಚೆಲ್ಲಬೇಡಿ, ಅದು ಹಸಿರಾಗಿದೆಯಾ ಅಂತ ಒಮ್ಮೆ ಬೆಳಕಿಗೆ ಹಿಡಿದು ನೋಡಿ.