ಸಂಬಳದ ಜಗಳ, ನಮ್ಮ ಪಾಯಿಂಟು

ಅಮೆರಿಕನ್ ಫುಟ್‌ಬಾಲ್ ಫ್ಯಾಂಟಸಿ (ನಿಜವಾದ ಆಟಗಾರರನ್ನ ಆರಿಸಿ, ಅವರ ಆಟಕ್ಕೆ ತಕ್ಕಂತೆ ಪಾಯಿಂಟು ಎಣಿಸೋ ಆಟ) ಆಡೋರು ಡ್ರಾಫ್ಟಿಗೆ, ಅಂದ್ರೆ ಸುತ್ತು ಸುತ್ತಾಗಿ ಆಟಗಾರರನ್ನ ಆರಿಸೋದಕ್ಕೆ ಮುಂಚೆ ಗಾಯಾಳುಗಳ ಪಟ್ಟಿ ನೋಡ್ತಾರೆ, ಕಾಂಟ್ರಾಕ್ಟ್ ಸುದ್ದಿ ಓದಲ್ಲ. ಏಟು ಬೀಳೋದು ಅಲ್ಲೇ. 2018ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಲೆವಿಯನ್ ಬೆಲ್ ಎಷ್ಟೋ ಲೀಗುಗಳಲ್ಲಿ ಮೊದಲ ಸುತ್ತಲ್ಲೇ ಖಾಲಿ. ಆದರೆ ಫ್ರಾಂಚೈಸ್ ಟ್ಯಾಗಿಗೆ (ತಂಡ ಆಟಗಾರನನ್ನ ಒಂದೇ ವರ್ಷಕ್ಕೆ ಉಳಿಸಿಕೊಳ್ಳೋ ಒಪ್ಪಂದ) ಸಹಿ ಹಾಕದೆ, ಸುಮಾರು 1.45 ಕೋಟಿ ಡಾಲರ್ ಬಿಟ್ಟು, ಇಡೀ ಸೀಸನ್ ಆಡಲೇ ಇಲ್ಲ. (ತಪ್ಪೇನಿಲ್ಲ ಬಿಡಿ, ಚೆಂಡು ಹಿಡಿದು ಓಡೋ ರನ್ನಿಂಗ್ ಬ್ಯಾಕ್‌ನ ಮೊಣಕಾಲು ಎಷ್ಟು ವರ್ಷ ಬಾಳುತ್ತೆ?) ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ಕಾದವರಿಗೆ ಸೊನ್ನೆ. ಅವನ ಜಾಗಕ್ಕೆ ಬಂದ ಜೇಮ್ಸ್ ಕಾನರ್ ಓಡಿದ್ದು 973 ಗಜ, 12 ಟಚ್‌ಡೌನ್ (ಚೆಂಡು ಹಿಡಿದು ಎದುರಾಳಿಯ ಕೊನೇ ಗೆರೆ ದಾಟೋದು). ಹತ್ತು ಗಜಕ್ಕೆ ಒಂದು, ಟಚ್‌ಡೌನಿಗೆ ಆರು ಅಂತ ಹಿಡಿದರೆ ಬರೀ ಓಟದಲ್ಲೇ 169 ಪಾಯಿಂಟು!

ಸಹಿ ಬೀಳದ ಆಟಗಾರನನ್ನ ತಗೊಂಡ್ರೆ ಅವನ ಬದಲಿಯನ್ನೂ ಕೊನೇ ಸುತ್ತುಗಳಲ್ಲಿ ಎತ್ತಿಟ್ಟುಕೊಳ್ಳಿ. ಡ್ರಾಫ್ಟನ್ನ ಆದಷ್ಟು ಸೀಸನ್ ಶುರುವಿನ ಹತ್ತಿರಕ್ಕೆ ತಳ್ಳಿ. ಸಹಿ ಹಾಕೋ ಗಡುವಿನ ತಾರೀಖು ಬರೆದಿಡಿ: ಬೆಲ್‌ಗೆ ಅದು ನವೆಂಬರ್ 13, ಅಂದ್ರೆ ಹತ್ತನೇ ವಾರದ ಆಟ ಮುಗಿದ ಮೇಲೆ. ಅಲ್ಲೀವರೆಗೆ ಬೆಂಚಲ್ಲಿ ಒಂದು ಜಾಗ ದಂಡ.