ಟೋಕಿಯೊ ಸ್ಟೇಷನ್ನಿನ ಅಂಗಳದಲ್ಲಿ ಒಂದು ದಿನ

ನಮ್ಮ ಬಸ್ಸು ನಮ್ಮನ್ನು ಬಿಟ್ಟಿದ್ದು ಹಿಂಬದಿಯಲ್ಲಿ. ಟೋಕಿಯೊ ಸ್ಟೇಷನ್ನಿಗೆ ಎರಡು ಮುಖ. ಪೂರ್ವದ ಕಡೆಯದು ಯಾಯೆಸು, ಪಶ್ಚಿಮದ್ದು ಮರುನೌಚಿ. ನಾವು ನಿಂತಿದ್ದ ಯಾಯೆಸು ಕಡೆ ಎಲ್ಲಿ ನೋಡಿದರೂ ಗಾಜಿನ ಕಟ್ಟಡಗಳೇ.

"ಎಲ್ಲೋ ನಿನ್ನ ಕೆಂಪು ಸ್ಟೇಷನ್ನು?" ಅಂದಳು ಅಮ್ಮ.

"ಆ ಕಡೆ ಅಮ್ಮ. ಒಳಗಿಂದಾನೇ ದಾಟಿ ಹೋಗಬಹುದು, ಬಾ."

ಹಳಿಗಳ ಅಡಿಯಲ್ಲಿ ಒಂದು ಉದ್ದದ ದಾರಿ ಇದೆ. ಅದರಲ್ಲಿ ನಡೆಯಲು ಟಿಕೆಟ್ ಬೇಕಾಗಿಲ್ಲ. ಅಮ್ಮನಿಗೆ ಮಂಡಿನೋವು, ಹಾಗಾಗಿ ನಿಧಾನವಾಗಿ ನಡೆದೆವು. ನೆಲದ ಮೇಲಿದ್ದ ಹಳದಿ ಉಬ್ಬು ಪಟ್ಟಿಗಳನ್ನು ನೋಡಿ ಇದೇನು ಅಂತ ಕೇಳಿದಳು. ಕಣ್ಣು ಕಾಣದವರು ಕಾಲಿನಿಂದ, ಕೋಲಿನಿಂದ ದಾರಿ ತಿಳಿಯಲು ಇರುವ ಪಟ್ಟಿ ಅದು. ಈಗ ಲೋಕದ ಎಷ್ಟೋ ಊರುಗಳಲ್ಲಿ ಇದೆ. ಆದರೆ ಹುಟ್ಟಿದ್ದು ಜಪಾನಿನಲ್ಲೇ. ಮಿಯಾಕೆ ಸೈಇಚಿ ಎಂಬುವರು ರೂಪಿಸಿದರು, 1967ರಲ್ಲಿ ಒಕಾಯಾಮಾ ಊರಿನಲ್ಲಿ ಮೊದಲು ಹಾಕಿದರು. ಇದನ್ನು ಕೇಳಿದ ಮೇಲೆ ಅಮ್ಮ ಆ ಪಟ್ಟಿಯನ್ನು ತುಳಿಯದೆ ಪಕ್ಕಕ್ಕೆ ಸರಿದು ನಡೆದಳು.

ಆ ದಾರಿ ಮುಗಿಯುವುದು ಉತ್ತರದ ಗುಮ್ಮಟದ ಹತ್ತಿರ. ತಲೆ ಎತ್ತಿದರೆ ತಿಳಿ ಹಳದಿ ಬಣ್ಣದ ಎಂಟು ಮೂಲೆಗಳ ಚಾವಣಿ, ಅದರಲ್ಲಿ ರೆಕ್ಕೆ ಬಿಚ್ಚಿದ ಹದ್ದುಗಳು. ಜನರೆಲ್ಲ ಫೋಟೊ ತೆಗೆಯುತ್ತಿದ್ದರು. ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾನು ಇಷ್ಟು ದೂರ ಬಂದಿದ್ದು ಗುಮ್ಮಟಕ್ಕಾಗಿ ಅಲ್ಲ, ಅದರ ಮುಂದಿನ ಖಾಲಿ ಜಾಗಕ್ಕಾಗಿ.

ಹೊರಗೆ ಬಂದು, ಟ್ಯಾಕ್ಸಿ ನಿಲ್ಲುವ ಜಾಗ ದಾಟಿ, ಕಟ್ಟಡದ ಪಕ್ಕದಲ್ಲೇ ನಡೆದು ಮಧ್ಯಕ್ಕೆ ಬಂದಾಗ ಇಬ್ಬರೂ ಸುಮ್ಮನೆ ನಿಂತುಬಿಟ್ಟೆವು. ಎದುರಿಗೆ ತಿಳಿ ಬಣ್ಣದ ಕಲ್ಲು ಹಾಸಿದ ಅಂಗಳ. ಹಿಂದೆ ಈ ತುದಿಯಿಂದ ಆ ತುದಿಯವರೆಗೆ ಕೆಂಪು ಇಟ್ಟಿಗೆಯ ಕಟ್ಟಡ. ಉದ್ದ 335 ಮೀಟರ್. ನಡುವೆ ಒಂದು ಕಾರೂ ಇಲ್ಲ, ಜಾಹೀರಾತಿನ ಒಂದು ಫಲಕವೂ ಇಲ್ಲ. ಸುತ್ತ ಅಷ್ಟೆತ್ತರದ ಗೋಪುರಗಳಿದ್ದರೂ ಇಲ್ಲಿ ಆಕಾಶ ದೊಡ್ಡದಾಗಿ ಕಾಣುತ್ತದೆ.

ಈ ಸ್ಟೇಷನ್ ಶುರುವಾದದ್ದು 1914ರ ಡಿಸೆಂಬರಿನಲ್ಲಿ. ವಾಸ್ತುಶಿಲ್ಪಿ ತತ್ಸುನೊ ಕಿಂಗೊ. ನೆಲ ಮೆತ್ತಗಿದ್ದದ್ದಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಪೈನ್ ಮರದ ಕಂಬಗಳನ್ನು ನೆಲಕ್ಕೆ ಹೊಡೆದು ಅದರ ಮೇಲೆ ಕಟ್ಟಿದರು. 1923ರ ದೊಡ್ಡ ಭೂಕಂಪವನ್ನು ಈ ಕಟ್ಟಡ ತಾಳಿಕೊಂಡಿತು. 1945ರ ಮೇ ತಿಂಗಳ ಬಾಂಬ್ ದಾಳಿಯನ್ನು ತಾಳಲಿಲ್ಲ. ಗುಮ್ಮಟಗಳು ಸುಟ್ಟವು, ಮೂರನೆಯ ಅಂತಸ್ತು ಹೋಯಿತು. ಯುದ್ಧ ಮುಗಿದ ಮೇಲೆ ಕೈಯಲ್ಲಿ ಇದ್ದಷ್ಟರಲ್ಲಿ ರಿಪೇರಿ ಮಾಡಿ, ಎರಡೇ ಅಂತಸ್ತು ಉಳಿಸಿ, ಗುಮ್ಮಟಗಳ ಬದಲು ಮೂಲೆಗಳಿರುವ ಸಾದಾ ಸೂರು ಹಾಕಿದರು. ಆ ತಾತ್ಕಾಲಿಕ ಸೂರು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಇತ್ತು.

1980ರ ದಶಕದಲ್ಲಿ ಇದನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುವ ಮಾತು ಬಂತು. ಊರಿನ ಜನ ಬಿಡಲಿಲ್ಲ. ಗುಂಪು ಕಟ್ಟಿಕೊಂಡು ಸಹಿ ಸಂಗ್ರಹಿಸಿದರು, ಬೇಡ ಅಂದರು. ಆದರೆ ಉಳಿಸಿಕೊಂಡರೆ ಸಾಕಾ? ಹಳೆಯ ರೂಪ ತರಲು ದುಡ್ಡು ಬೇಕಲ್ವಾ?

ಅದಕ್ಕೆ ಅವರು ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಆ ಜಾಗದಲ್ಲಿ ಕಾನೂನಿನ ಪ್ರಕಾರ ಇನ್ನೂ ಎಷ್ಟೋ ಅಂತಸ್ತು ಕಟ್ಟಬಹುದಿತ್ತು. ರೈಲ್ವೆಯವರು ಅದನ್ನು ಕಟ್ಟಲಿಲ್ಲ. ತಲೆಯ ಮೇಲಿನ ಆ ಬಳಸದ ಹಕ್ಕನ್ನು ಸುತ್ತಮುತ್ತ ಗೋಪುರ ಕಟ್ಟುವವರಿಗೆ ಮಾರಿದರು. ಸುಮಾರು 5,000 ಕೋಟಿ ಯೆನ್ ಬಂತು. ಆ ಹಣದಲ್ಲಿ ಮೂರನೆಯ ಅಂತಸ್ತು, ಗುಮ್ಮಟಗಳು ವಾಪಸ್ಸು ಬಂದವು. 2012ರ ಅಕ್ಟೋಬರಿನಲ್ಲಿ ಕೆಲಸ ಮುಗಿಯಿತು. ಅಂದರೆ ಸುತ್ತಲಿನ ಗೋಪುರಗಳು ಅಷ್ಟು ಎತ್ತರ ಹೋದದ್ದರಿಂದಲೇ ಈ ಕಟ್ಟಡ ಹೀಗೆ ಗಿಡ್ಡಗೆ ಉಳಿಯಿತು.

ಚಾವಣಿಯ ಕಪ್ಪು ಕಲ್ಲಿನ ಹಲಗೆಗಳನ್ನು ಅಮ್ಮನಿಗೆ ತೋರಿಸಿದೆ. ಅವುಗಳಲ್ಲಿ ಒಂದಷ್ಟು ಇಶಿನೊಮಾಕಿಯ ಒಗಾತ್ಸು ಎಂಬ ಕಡಲ ತೀರದ ಊರಿನವು. ಅಲ್ಲಿ ಜೋಡಿಸಿಟ್ಟಿದ್ದಾಗ 2011ರ ಸುನಾಮಿ ಬಂತು. ಆಮೇಲೆ ಕೆಸರಿನಿಂದ ಹೆಕ್ಕಿ, ಒಂದೊಂದನ್ನೇ ತೊಳೆದು ತಂದು ಹಾಕಿದರು. ಅಮ್ಮ ಆ ಸೂರನ್ನೇ ಬಹಳ ಹೊತ್ತು ನೋಡುತ್ತಿದ್ದಳು.

ಕಟ್ಟಡ ಸರಿಹೋದ ಮೇಲೂ ಅಂಗಳ ಸರಿಯಾಗಲು ಐದು ವರ್ಷ ಬೇಕಾಯಿತು. ಹಿಂದೆ ಮಧ್ಯದಲ್ಲೂ ವಾಹನಗಳ ದಾರಿ ಇತ್ತು. ನೆಲದಡಿಯ ಸ್ಟೇಷನ್ನಿಗೆ ಗಾಳಿ ಕೊಡುವ ಎತ್ತರದ ಗೋಪುರಗಳು ಕಟ್ಟಡಕ್ಕೆ ಅಡ್ಡ ನಿಂತಿದ್ದವು. ಟೋಕಿಯೊ ಆಡಳಿತ ಮತ್ತು ಜೆಆರ್ ಈಸ್ಟ್ ಎಂಬ ರೈಲ್ವೆ ಕಂಪನಿ ಸೇರಿ ಇದನ್ನೆಲ್ಲ ಹೊಸದಾಗಿ ಯೋಚಿಸಿದರು. ವಾಹನಗಳನ್ನು ಪೂರ್ತಿ ಹೊರಗೆ ಅಟ್ಟಲಿಲ್ಲ. ಬಸ್ಸು, ಟ್ಯಾಕ್ಸಿಗಳಿಗೆ ಉತ್ತರ ಮತ್ತು ದಕ್ಷಿಣದ ಗುಮ್ಮಟಗಳ ಮುಂದೆ ಜಾಗ ಕೊಟ್ಟರು. ರೈಲಿಗೆ ಹೋಗುವ ಜನ ಹೆಚ್ಚಾಗಿ ಓಡಾಡುವುದು ಆ ಬಾಗಿಲುಗಳಲ್ಲೇ. ನಡುವಿನದು ಚಕ್ರವರ್ತಿಯ ಅರಮನೆಯವರಿಗೆ ಮೀಸಲಾದ ಬಾಗಿಲು. ಗಾಳಿ ಗೋಪುರಗಳನ್ನು ಗಿಡ್ಡ ಮಾಡಿದರು. ಹಾಗೆ ಮಧ್ಯದಲ್ಲಿ ಸುಮಾರು 6,500 ಚದರ ಮೀಟರ್ ಜಾಗ ಬರಿ ಕಾಲ್ನಡಿಗೆಗೆ ಸಿಕ್ಕಿತು. 2017ರ ಡಿಸೆಂಬರಿನಲ್ಲಿ ಅದು ತೆರೆಯಿತು.

ಎರಡು ಬದಿಯಲ್ಲಿ ಕೆಯಾಕಿ ಮರಗಳ ಸಾಲು. ಅವುಗಳ ಕೆಳಗೆ ಕೂರಲು ಕಟ್ಟೆ. ಅಮ್ಮನಿಗೆ ಬೇಕಾಗಿದ್ದೂ ಅದೇ. ಕೂತಳು, ಕಾಲು ಚಾಚಿದಳು. ಪಕ್ಕದಲ್ಲಿ ಆಫೀಸಿನ ಒಬ್ಬರು ಟೈ ಸಡಿಲಿಸಿಕೊಂಡು ಊಟದ ಡಬ್ಬಿ ಬಿಚ್ಚಿದ್ದರು. ಯಾರೂ ಯಾರನ್ನೂ ಎಬ್ಬಿಸಲಿಲ್ಲ.

ಆಗಸ್ಟ್ ತಿಂಗಳ ಬಿಸಿಲು ಮಾತ್ರ ತಡೆಯುವ ಹಾಗಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಅಂಗಳದ ನಡುಭಾಗದಲ್ಲಿ ನೆರಳೇ ಇಲ್ಲ. ಕಲ್ಲಿನ ಬೆಳಕಿಗೆ ಕಣ್ಣು ಮುಚ್ಚಿಹೋಗುತ್ತದೆ. ಜನರೆಲ್ಲ ಮರದ ಬುಡಕ್ಕೆ ಸೇರಿಕೊಂಡಿದ್ದರು, ನಡುವೆ ಮಾತ್ರ ಖಾಲಿ. ಕಟ್ಟಡ ಪೂರ್ತಿ ಕಾಣಲಿ ಅಂತ ಅಲ್ಲಿ ಮರ ಹಾಕಿಲ್ಲ. ಅದು ಅರ್ಥವಾಗುತ್ತದೆ. ಆದರೂ ಇನ್ನೊಂದು ಸಾಲು ಮರ ಇದ್ದಿದ್ದರೆ ಕಟ್ಟಡಕ್ಕೇನೂ ಕಡಿಮೆಯಾಗುತ್ತಿರಲಿಲ್ಲ ಅಂತ ನನಗೆ ಅನಿಸಿತು. ವಯಸ್ಸಾದವರ ಜೊತೆ ಬಂದಾಗ ನೆರಳು ಎಷ್ಟು ದೊಡ್ಡದು ಅನ್ನೋದು ಗೊತ್ತಾಗುತ್ತದೆ. ಬೇಸಿಗೆಗೆ ಅಂತ ಒಂದು ಕಡೆ ಕಲ್ಲಿನ ಮೇಲೆ ತೆಳುವಾಗಿ ನೀರು ಹರಿಸುತ್ತಾರೆ. ಮಕ್ಕಳು ಅದರಲ್ಲಿ ಪಚ ಪಚ ಅಂತ ಓಡುತ್ತಿದ್ದರು. ನೀರಿನಲ್ಲಿ ಕೆಂಪು ಕಟ್ಟಡ ತಲೆಕೆಳಗಾಗಿ ಕಾಣುತ್ತಿತ್ತು, ಮಕ್ಕಳು ಓಡಿದಾಗ ಚೂರಾಗುತ್ತಿತ್ತು.

ಊಟಕ್ಕೆ ಹತ್ತಿರದ ನಾಕಾದೋರಿ ಬೀದಿಗೆ ಹೋದೆವು. ಇದರ ಅಗಲ 21 ಮೀಟರ್. ಮೊದಲು ವಾಹನಗಳಿಗೆ 9 ಮೀಟರ್, ಎರಡೂ ಕಡೆ ಜನಕ್ಕೆ ಆರಾರು ಮೀಟರ್ ಇತ್ತು. ಈಗ ಮೂರು ಪಾಲೂ ಏಳೇಳು ಮೀಟರ್. ಕೆಲಸದ ದಿನಗಳಲ್ಲಿ ಬೆಳಿಗ್ಗೆ 11ರಿಂದ 3 ಗಂಟೆವರೆಗೆ ನಡುವಿನ ರಸ್ತೆಯನ್ನೂ ಮುಚ್ಚಿ ಮೇಜು, ಕುರ್ಚಿ ಹಾಕುತ್ತಾರೆ. ಅಮ್ಮ ರಸ್ತೆಯ ನಟ್ಟನಡುವೆ ಕುರ್ಚಿಯಲ್ಲಿ ಕೂತು ಅನ್ನ ತಿಂದಳು. "ರಸ್ತೇಲಿ ಕೂತು ತಿಂತಿದೀನಿ ನೋಡು" ಅಂತ ಎರಡು ಸಲ ಹೇಳಿದಳು.

ಸಂಜೆ ಕಿಟ್ಟೆ ಎಂಬ ಕಟ್ಟಡದ ಆರನೆಯ ಅಂತಸ್ತಿಗೆ ಲಿಫ್ಟಿನಲ್ಲಿ ಹೋದೆವು. ಅದು 1931ರ ಹಳೆಯ ಅಂಚೆ ಕಚೇರಿ. ಅದರ ಒಂದು ಭಾಗ ಉಳಿಸಿಕೊಂಡು ಹಿಂದೆ ಗೋಪುರ ಕಟ್ಟಿದ್ದಾರೆ. ಮೇಲೆ ಒಂದು ತೋಟ ಇದೆ, ಯಾರು ಬೇಕಾದರೂ ಹೋಗಬಹುದು. ಕೆಳಗಿದ್ದಾಗ ತಿಳಿಯದ ಸಂಗತಿ ಅಲ್ಲಿ ನಿಂತಾಗ ತಿಳಿಯಿತು. ಸ್ಟೇಷನ್ನಿನ ನಡುಬಾಗಿಲು, ಅದರ ಮುಂದೆ ಅಂಗಳ, ಅಂಗಳದ ಮುಂದೆ 73 ಮೀಟರ್ ಅಗಲದ ಗ್ಯೋಕೋದೋರಿ ರಸ್ತೆ, ಅದರಾಚೆ ಅರಮನೆಯ ಕಂದಕ. ಎಲ್ಲ ಒಂದೇ ಗೆರೆಯಲ್ಲಿ. ಆ ರಸ್ತೆಯ ನಡುಭಾಗವೂ ಈಗ ನಡೆಯುವವರದೇ, ಜೊತೆಗೆ ಗಿಂಕೊ ಮರಗಳು. ಬೇರೆ ದೇಶದ ಹೊಸ ರಾಯಭಾರಿಗಳು ಚಕ್ರವರ್ತಿಯನ್ನು ಕಾಣಲು ಇಲ್ಲಿಂದಲೇ ಕುದುರೆ ಗಾಡಿಯಲ್ಲಿ ಹೊರಡುತ್ತಾರೆ. ಕಾರೂ ಕೊಡುತ್ತಾರಂತೆ, ಆದರೆ ಹೆಚ್ಚಿನವರು ಗಾಡಿಯನ್ನೇ ಕೇಳುತ್ತಾರಂತೆ.

ಅಂಗಳದ ಒಂದು ಬದಿಯಲ್ಲಿ ಇನೋವೆ ಮಸಾರು ಅವರ ಪ್ರತಿಮೆ ಇದೆ. ಜಪಾನಿನ ರೈಲ್ವೆಯ ತಂದೆ ಅಂತ ಕರೆಯುವುದು ಇವರನ್ನೇ. ಕೆಲಸ ನಡೆಯುತ್ತಿದ್ದಾಗ ಹತ್ತು ವರ್ಷ ಪ್ರತಿಮೆಯನ್ನು ಬೇರೆ ಕಡೆ ಇಟ್ಟಿದ್ದರು, ಆಮೇಲೆ ಮರೆಯದೆ ತಂದು ನಿಲ್ಲಿಸಿದ್ದಾರೆ.

ಬಿಸಿಲು ಇಳಿದ ಮೇಲೆ ಮತ್ತೆ ಕೆಳಗೆ ಬಂದೆವು. ಮಧ್ಯಾಹ್ನ ಖಾಲಿ ಇದ್ದ ಜಾಗ ಈಗ ತುಂಬಿತ್ತು. ಕಟ್ಟಡದ ದೀಪಗಳು ಹತ್ತಿದವು, ಕಣ್ಣಿಗೆ ಚುಚ್ಚದ ಹಳದಿ ಬೆಳಕು. ಎಲ್ಲಿಂದಲೋ ಮದುವೆ ಜೋಡಿಗಳು ಬಂದವು. ಒಂದಲ್ಲ, ನಾನು ಎಣಿಸಿದ್ದೇ ಐದು. ಬಿಳಿ ಉಡುಪಿನ ಮದುಮಗಳು, ಅವಳ ಸೆರಗಿನಂಥ ಉದ್ದ ಬಟ್ಟೆಯನ್ನು ಗಾಳಿಗೆ ಹಾರಿಸಿ ಓಡುವ ಸಹಾಯಕಿ, ನೆಲಕ್ಕೆ ಮಲಗಿ ಫೋಟೊ ತೆಗೆಯುವವರು. ಅವರ ನಡುವೆ ಬ್ಯಾಗು ಎಳೆದುಕೊಂಡು ರೈಲಿಗೆ ಹೋಗುವವರು. ಯಾರಿಗೂ ಅವಸರದಲ್ಲಿ ಡಿಕ್ಕಿ ಆಗಲಿಲ್ಲ, ಅಷ್ಟು ಜಾಗ ಇತ್ತು.

ಅಮ್ಮ ಕಟ್ಟೆಯ ಮೇಲೆ ಕೂತು ಒಬ್ಬ ಮದುಮಗಳನ್ನೇ ನೋಡುತ್ತಿದ್ದಳು. ಆ ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಎತ್ತರದ ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಂಡಳು. ಅಮ್ಮ ತನ್ನ ಮಂಡಿ ತೋರಿಸಿದಳು. ಇಬ್ಬರೂ ನಕ್ಕರು. ಮಾತಿಗೆ ಭಾಷೆ ಇರಲಿಲ್ಲ.

"ಇನ್ನು ಹೊರಡೋಣ್ವಾ ಅಮ್ಮ?" ಅಂದೆ.

"ಇನ್ನೊಂದು ಸ್ವಲ್ಪ ಹೊತ್ತು ಕೂರೋಣ ಕಣೋ" ಅಂದಳು.